ದುಡಿಮೆಯ ನೆಲೆಯಲ್ಲಿ ಕಣ್ಣಿನ ರಕ್ಷಣೆ

ಮುಂಬಯಿಯ ಮೊದಲ ಬಟ್ಟೆ ಗಿರಣಿ ಸ್ಥಾಪಿತವಾದುದು 1854ರಲ್ಲಿ. ಮುಂದೆ ಪರೇಲ, ಲಾಲ್‌ಬಾಗ್‌ಗಳಲ್ಲಿ ತಲೆಯೆತ್ತಿದ ಗಿರಣಿಗಳ ನೇಯ್ಗೆ ಖಾತೆಗಳಲ್ಲಿ ಕೆಲಸಗಾರರು ಅಂಜುತ್ತಿದ್ದ ಅಪಾಯಗಳಲ್ಲಿ ಲಾಳಿಯದೂ ಒಂದು. ಲೋಹದ ಮೊನೆಯುಳ್ಳ ಆ ಮರದ ತುಂಡು ಹಾದಿ ತಪ್ಪಿ ಹಾರಿದರೆ ನೆರೆಯ ಮಗ್ಗದವನ ಕಣ್ಣಿಗೆ ಬಡಿಯುವುದುಂಟು. ಇದಕ್ಕೆ ಎಚ್ಚರಿಕೆಯ ಮಾತೊಂದೇ ಸಾಲದೆಂದು ಕಂಡು, ಲಾಳಿಯನ್ನು ತಡೆಯುವ ಕಾವಲನ್ನು ಮಗ್ಗಕ್ಕೇ ಜೋಡಿಸಲಾಯಿತು. ಕಣ್ಣಿನ ರಕ್ಷಣೆಯ ಮೂಲತತ್ತ್ವವು ಇದರಲ್ಲಿಯೇ ಅಡಗಿದೆ: ಅಪಾಯವನ್ನು ಅದು ಹುಟ್ಟುವ ಸ್ಥಳದಲ್ಲಿಯೇ ತಡೆಯುವುದು ಮೊದಲು, ಕನ್ನಡಕವನ್ನು ತೊಡಿಸುವುದು ಅನಂತರ.

1982ರ ಮುಷ್ಕರದ ತರುವಾಯ ಗಿರಣಿಗಳು ಬಹುಮಟ್ಟಿಗೆ ಮುಚ್ಚಿಹೋದವು. ಅಪಾಯವು ಮಾತ್ರ ಕುರ್ಲಾ, ಸಾಕಿನಾಕಾ, ಧಾರಾವಿಗಳ ಸಣ್ಣ ಷೆಡ್ಡುಗಳಲ್ಲಿಯೂ ಉಪನಗರಗಳ ಕಟ್ಟಡದ ಕೆಲಸಗಳಲ್ಲಿಯೂ ಉಳಿದಿದೆ. ಅದರ ರೂಪಗಳು ಮುಖ್ಯವಾಗಿ ಮೂರು.

ಮೊದಲನೆಯದು ಸಿಡಿಯುವ ಚೂರು. ಸಾಣೆಯ ಚಕ್ರದಿಂದ ಹಾರಿದ ಕಬ್ಬಿಣದ ಕಣವು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದಲ್ಲಿ ನಟ್ಟರೆ, ಕೆಲವು ಗಂಟೆಗಳಲ್ಲಿಯೇ ಅಲ್ಲಿ ತುಕ್ಕು ಹಿಡಿಯತೊಡಗುತ್ತದೆ. ಸುತ್ತಿಗೆಯ ಪೆಟ್ಟಿಗೆ ಉಳಿಯ ತಲೆಯಿಂದ ಸಿಡಿದ ಚೂರು ಇನ್ನೂ ಅಪಾಯಕರ. ಅದು ಕಣ್ಣುಗುಡ್ಡೆಯ ಒಳಹೊಕ್ಕರೂ ನೋವು ಅಲ್ಪವಾಗಿರಬಹುದು. ಎರಡನೆಯದು ವೆಲ್ಡಿಂಗಿನ ಬೆಳಕು. ಅದರ ಅತಿನೇರಳೆ ಕಿರಣಗಳ ಪರಿಣಾಮ ಒಡನೆ ತಿಳಿಯದು. ಸಂಜೆ ನಿಶ್ಚಿಂತೆಯಿಂದ ಮನೆಗೆ ಮರಳಿದವನು ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಹೊಯ್ದಂತಾಗಿ ಎಚ್ಚರಗೊಳ್ಳುತ್ತಾನೆ. ಮುಖವಾಡ ತೊಟ್ಟ ವೆಲ್ಡರನಿಗಿಂತ, ಬರಿಗಣ್ಣಿನಿಂದ ಸಲಾಕೆ ಹಿಡಿದು ಬಳಿಯಲ್ಲಿ ನಿಂತ ಸಹಾಯಕನಿಗೇ ಈ ಬಾಧೆ ಹೆಚ್ಚು. ಮೂರನೆಯದು ಸುಣ್ಣ, ಸಿಮೆಂಟುಗಳಂತಹ ಕ್ಷಾರ. ಸಾಮಾನ್ಯವಾಗಿ ಆಮ್ಲಕ್ಕಿಂತ ಕ್ಷಾರವು ಕಣ್ಣಿನ ಆಳಕ್ಕೆ ಇಳಿಯುತ್ತದೆ.

1948ರ ಕಾರ್ಖಾನೆ ಕಾಯಿದೆಯ 35ನೆಯ ಕಲಮು ಚೂರು ಮತ್ತು ಅತಿ ಬೆಳಕಿನ ಕೆಲಸಗಳನ್ನು ಹೆಸರಿಸಿ, ತಕ್ಕ ಪರದೆಯನ್ನಾಗಲಿ ಕನ್ನಡಕವನ್ನಾಗಲಿ ಒದಗಿಸಬೇಕೆಂದು ವಿಧಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿತ್ತು. ಆದರೆ ವಿದ್ಯುತ್ತನ್ನು ಬಳಸುವ ಸ್ಥಳವು ಕಾರ್ಖಾನೆಯೆನಿಸಲು ಅಲ್ಲಿ 10 ಮಂದಿ ಕೆಲಸಗಾರರಾದರೂ ಇರಬೇಕಿತ್ತು. 2020ರ ಸಂಹಿತೆಯು ಈ ಎಣಿಕೆಯನ್ನು 20ಕ್ಕೆ ಏರಿಸಿತು. ಐದಾರು ಮಂದಿ ದುಡಿಯುವ ಷೆಡ್ಡು ಸಾಮಾನ್ಯವಾಗಿ ಎರಡೂ ಎಣಿಕೆಗಳ ಹೊರಗೇ ಉಳಿಯುತ್ತದೆ. ಅಲ್ಲಿ ಕಣ್ಣನ್ನು ಕಾಯಬೇಕಾದುದು ಮಾಲಿಕನ ವಿವೇಕ ಮತ್ತು ಕೆಲಸಗಾರನ ತಿಳಿವಳಿಕೆ.

ಈ ತಿಳಿವಳಿಕೆ ಪೆಟ್ಟುಬಿದ್ದ ಕ್ಷಣದಲ್ಲಿ ಅತ್ಯಗತ್ಯ. ಕಣ್ಣಿಗೆ ಸುಣ್ಣ ಬಿದ್ದೊಡನೆ ರೆಪ್ಪೆಗಳನ್ನು ಬಿಡಿಸಿ, ಶುದ್ಧ ನೀರನ್ನು ಕನಿಷ್ಠ 15 ನಿಮಿಷಗಳ ಕಾಲ ಧಾರೆಯಾಗಿ ಹಾಯಿಸತಕ್ಕದ್ದು; ಆಸ್ಪತ್ರೆಗೆ ಹೊರಡುವುದು ಅದರ ಅನಂತರ. ಚೂರು ನಟ್ಟಿದ್ದರೆ ಕಣ್ಣನ್ನು ಉಜ್ಜಲಾಗದು. ಬೆಂಕಿಕಡ್ಡಿಯಿಂದಲೋ ಬಟ್ಟೆಯ ತುದಿಯಿಂದಲೋ ಅದನ್ನು ಕೀಳಲಾಗದು. ಕಣ್ಣನ್ನು ಒತ್ತದೆ ಮರೆಮಾಡಿ ನೇತ್ರವೈದ್ಯರಲ್ಲಿಗೆ ಒಯ್ಯಬೇಕು. ಉರಿ ತಣಿಯಲೆಂದು ಅರಿವಳಿಕೆಯ ಹನಿಗಳನ್ನು ಮನೆಯಲ್ಲಿ ಪದೇ ಪದೇ ಹಾಕಿಕೊಳ್ಳುವುದು ಗಾಯ ಮಾಯುವುದನ್ನೇ ತಡೆಯುತ್ತದೆ.

1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯ ಅನುಬಂಧವು, ಇನ್ನೊಂದು ಕಣ್ಣು ಸರಿಯಾಗಿರುವಾಗ ಒಂದು ಕಣ್ಣೇ ಹೋದರೆ, ಗಳಿಕೆಯ ಶಕ್ತಿಯಲ್ಲಿ ಶೇಕಡಾ 40ರಷ್ಟು ನಷ್ಟವೆಂದು ಎಣಿಸಿತ್ತು. ಆದರೆ ಎರಡು ಕಣ್ಣುಗಳ ನೋಟ ಕೂಡಿದಾಗಲೇ ಸಮೀಪದ ಆಳದ ಅಂದಾಜು ನಿಖರವಾಗುವುದು. ಅದನ್ನು ಕಳೆದುಕೊಂಡ ಕುಶಲ ಕೆಲಸಗಾರನಿಗೆ ಕಸಬೇ ಕೈತಪ್ಪಬಹುದು.

ಸುರಕ್ಷತೆಯ ಶಿಕ್ಷಣಕ್ಕಾಗಿಯೇ ಸಯನ್‌ನಲ್ಲಿ ಕೇಂದ್ರ ಕಾರ್ಮಿಕ ಸಂಸ್ಥೆಯುಂಟು. ಆದರೆ ಕಲಬುರಗಿ, ವಿಜಯಪುರಗಳ ಕಡೆಯಿಂದ ಗಾರೆಯ ಕೆಲಸಕ್ಕೆ ಬಂದವನಿಗೆ ಅನ್ಯಭಾಷೆಯ ಎಚ್ಚರಿಕೆಯ ಫಲಕ ಅರ್ಥವಾಗದೆ ಹೋಗಬಹುದು. ಹಗಲಿಡೀ ದುಡಿದ ಹುಡುಗರಿಗೆ ಈ ನಗರದ ಕನ್ನಡಿಗರು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಸಿದರು. ನೀರಿನ ಧಾರೆಯ ಆ 15 ನಿಮಿಷಗಳ ವಿಷಯವನ್ನು ಕನ್ನಡದಲ್ಲಿ ಬರೆದು ತೂಗುಹಾಕುವುದು ಅದಕ್ಕಿಂತ ಕಷ್ಟದ ಕಾರ್ಯವಲ್ಲ.