ಹೆಸರುಕಾಳಿನ ಮೊಳಕೆ: ಪೋಷಣೆಯೂ ಇರಲಿ, ಎಚ್ಚರವೂ ಇರಲಿ

ಡಬ್ಬಿಯಲ್ಲಿ ಒಣಗಿರುವ ಹೆಸರುಕಾಳು ಜೀವವಿರುವ ಬೀಜ. 8ರಿಂದ 12 ಗಂಟೆ ನೆನೆಸಿದರೆ ಅದು ನೀರು ಹೀರಿ ಉಬ್ಬುತ್ತದೆ, ಸಿಪ್ಪೆ ಬಿರಿಯುತ್ತದೆ. ಮೊದಲು ಇಣುಕುವ ಬಿಳಿ ತುದಿಯೇ ಬೇರು. ಎಳೆಯ ಸಸಿಗೆ ಬೇಕಾದ ಆಹಾರ ಕಾಳಿನ ಎರಡು ಬೇಳೆಗಳಲ್ಲೇ ಇರುವುದರಿಂದ ಮಣ್ಣಿಲ್ಲದೆ, ಒದ್ದೆ ಬಟ್ಟೆಯಲ್ಲೂ ಅದು ಮೊಳೆಯುತ್ತದೆ. ಹೊಲದಲ್ಲಿ ಬಿತ್ತಿದರೆ ಸುಮಾರು 60ರಿಂದ 75 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ.

ಹೆಸರುಕಾಳಿನಲ್ಲಿ ಪ್ರೋಟೀನ್ ಹೇರಳವಾಗಿದೆ. ಮೊಳಕೆ ಬಂದಾಗ ವಿಟಮಿನ್ ಸಿ ಕೂಡ ಹೆಚ್ಚುತ್ತದೆ. ಆದರೆ ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣದಲ್ಲೇ ಸಾಲ್ಮೊನೆಲ್ಲಾ, ಇ. ಕೋಲಿಯಂತಹ ರೋಗಾಣುಗಳೂ ಬೇಗ ವೃದ್ಧಿಸುತ್ತವೆ. ಅವು ಬೀಜದ ಸಣ್ಣ ಬಿರುಕುಗಳಲ್ಲಿ ಅಡಗಿರಬಹುದು. ಕೇವಲ ತೊಳೆದರೆ ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಈ ವಿಷಯಗಳನ್ನು ಗಮನದಲ್ಲಿಡಿ:

• ಒಡೆದ, ಹುಳು ಹಿಡಿದ ಕಾಳುಗಳನ್ನು ಆರಿಸಿ ತೆಗೆಯಿರಿ.
• ಕೈ, ಪಾತ್ರೆ, ಬಟ್ಟೆ ಶುಭ್ರವಾಗಿರಲಿ. ಕುಡಿಯುವ ನೀರನ್ನೇ ಬಳಸಿ.
• ದಿನಕ್ಕೆ ಎರಡು ಬಾರಿ ತೊಳೆದು, ನೀರು ಪೂರ್ತಿ ಬಸಿಯಿರಿ.
• ಮೊಳಕೆ ಬಂದ ಕೂಡಲೇ ಬಳಸಿ, ಇಲ್ಲವೇ ಫ್ರಿಜ್‌ನಲ್ಲಿಡಿ.
• ಲೋಳೆಯಾದರೆ, ವಾಸನೆ ಬಂದರೆ ಎಸೆಯಿರಿ.

ಗರ್ಭಿಣಿಯರು, ಪುಟ್ಟ ಮಕ್ಕಳು, ವೃದ್ಧರು ಮತ್ತು ರೋಗಿಗಳಿಗೆ ಹಸಿ ಮೊಳಕೆ ಕೊಡಬೇಡಿ. ಚೆನ್ನಾಗಿ ಬೇಯಿಸಿ ಕೊಡಿ. ಬೇಯಿಸಿದಾಗ ವಿಟಮಿನ್ ಸಿ ಸ್ವಲ್ಪ ಕಡಿಮೆಯಾಗಬಹುದು, ಆದರೆ ಪ್ರೋಟೀನ್ ಉಳಿಯುತ್ತದೆ, ರೋಗಾಣುಗಳು ಸಾಯುತ್ತವೆ.