ತಾಯಿಗೊಂದು ವಿಳಾಸ

ರಾತ್ರಿ ಹನ್ನೊಂದರ ಮೇಲೆ ಯಾವುದಾದರೂ ದೊಡ್ಡ ಊರಿನ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಕೊನೆಯ ಬಸ್ಸಿಗೆ ಕಾದವರೆಲ್ಲ ಹೊರಟುಹೋದ ಮೇಲೂ ಒಂದು ಮೂಲೆಯ ಕಲ್ಲುಬೆಂಚಿನ ಮೇಲೆ ಹೆಂಗಸೊಬ್ಬಳು ಕುಳಿತಿರುತ್ತಾಳೆ. ಮಡಿಲಲ್ಲಿ ನಿದ್ದೆ ಹೋದ ಮಗು, ಕಾಲ ಬಳಿ ಒಂದು ಗಂಟು. ಆಕೆ ಯಾವ ಬಸ್ಸಿಗೂ ಕಾಯುತ್ತಿಲ್ಲ. ಅಲ್ಲಿ ದೀಪವಿದೆ, ನಾಲ್ಕು ಜನರ ಓಡಾಟವಿದೆ ಎಂದು ಬಂದು ಕುಳಿತಿದ್ದಾಳೆ. ಗಂಡ ತೀರಿಕೊಂಡ ಮೇಲೆ ಮನೆಯವರು ಹೊರಗೆ ಹಾಕಿದವಳಿರಬಹುದು. ಹೊಡೆತ ತಾಳಲಾರದೆ ತಾನೇ ಎದ್ದು ಬಂದವಳಿರಬಹುದು. ಮಾತು ಕೊಟ್ಟವನು ನಡುದಾರಿಯಲ್ಲಿ ಕೈಬಿಟ್ಟವಳಿರಬಹುದು. ಕಾರಣ ಯಾವುದಾದರೂ ಆಗಲಿ, ಆ ಹೊತ್ತಿಗೆ ಆಕೆಗೆ ಈ ಭೂಮಿಯ ಮೇಲೆ ಒಂದು ವಿಳಾಸವಿಲ್ಲ.

ನಮ್ಮಲ್ಲಿ ಕನಿಕರಕ್ಕೆ ಬರವಿಲ್ಲ. ಯಾರೋ ಮಗುವಿಗೆ ಬನ್ನು ಕೊಡಿಸುತ್ತಾರೆ, ಯಾರೋ ಹಳೆಯ ಸೀರೆ ಕೊಡುತ್ತಾರೆ. ಕೊಟ್ಟವರ ಮನಸ್ಸು ಹಗುರಾಗುತ್ತದೆ. ಆದರೆ ಮಾರನೆಯ ರಾತ್ರಿ ಅದೇ ಬೆಂಚು, ಅದೇ ಗಂಟು. ಆ ಬೆಂಚಿನಿಂದ ತನ್ನದೇ ಆದ ಒಲೆಯವರೆಗೆ ಆಕೆ ನಡೆದು ಹೋಗಬೇಕಾದ ದಾರಿ ಯಾವುದು ಎಂಬುದು ಬನ್ನಿಗೂ ಸೀರೆಗೂ ಮೀರಿದ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಬಹು ಹಿಂದೆಯೇ ಕೈಗೆತ್ತಿಕೊಂಡವರಲ್ಲಿ ಪಂಡಿತಾ ರಮಾಬಾಯಿ ಒಬ್ಬರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಊರವರ ವಿರೋಧ ಕಟ್ಟಿಕೊಂಡು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡರು. ರಮಾಬಾಯಿ ಹುಟ್ಟಿದ್ದು ಅಲ್ಲಿ, 1858ರಲ್ಲಿ. ಕೂಸು ಕೆಲವೇ ತಿಂಗಳದ್ದಾಗಿದ್ದಾಗ ಮನೆತನ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಪುರಾಣ ಹೇಳುತ್ತ ಊರೂರು ತಿರುಗುವುದೇ ಬದುಕಾಯಿತು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಾಗಿ ತೀರಿಕೊಂಡರು. ಉಳಿದ ಅಣ್ಣನೊಡನೆ ರಮಾಬಾಯಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಅವರ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆಯಾಯಿತು. 1882ರ ಫೆಬ್ರವರಿಯಲ್ಲಿ ಕಾಲರಾ ಅವರನ್ನು ಕೊಂಡೊಯ್ದಾಗ ಮಗಳು ಮನೋರಮೆಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಬಿರುದುಗಳೆರಡಿದ್ದರೂ ಮಗುವನ್ನೆತ್ತಿಕೊಂಡು ನಿಂತ ಆ ಇಪ್ಪತ್ಮೂರರ ಹೆಣ್ಣಿಗೆ ನೆಲೆ ಯಾವುದಿತ್ತು?

ಈ ಅನುಭವವೇ ಅವರ ಯೋಜನೆಯ ತಳಹದಿ. 1887ರಲ್ಲಿ ಅಮೆರಿಕದಲ್ಲಿದ್ದಾಗ ಹೊರತಂದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಅವರು ವಿಧವೆಯರ ಕಷ್ಟವನ್ನು ಹೇಳಿಕೊಂಡುದಷ್ಟೇ ಅಲ್ಲ, ಪರಿಹಾರದ ನಕ್ಷೆಯನ್ನೂ ಮುಂದಿಟ್ಟರು: ಇರಲು ಮನೆ, ಕಲಿಯಲು ವಿದ್ಯೆ, ಗಳಿಸಲು ಕಸುಬು. ಬೋಸ್ಟನ್ನಿನಲ್ಲಿ ಅವರ ಹೆಸರಿನಲ್ಲೇ ಹುಟ್ಟಿದ ಒಂದು ಸಂಘ ಹತ್ತು ವರ್ಷ ಹಣ ಒದಗಿಸಲು ಒಪ್ಪಿತು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ ತೆರೆಯಿತು. ಮರುವರ್ಷ ಪುಣೆಗೆ ಬಂತು. ಅಲ್ಲಿ ಮೊದಲಿಗೆ ಸೇರಿದ ವಿಧವೆಯರಲ್ಲಿ ಗೋದೂಬಾಯಿ ಎಂಬವರು ಒಬ್ಬರು. 1893ರಲ್ಲಿ ಅವರ ಕೈಹಿಡಿದ ಧೋಂಡೋ ಕೇಶವ ಕರ್ವೆಯವರು ಮುಂದೆ ತಾವೇ ವಿಧವೆಯರಿಗಾಗಿ ಆಶ್ರಮ ಕಟ್ಟಿದರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಸ್ಥಾಪಿಸಿದರು. ಒಂದು ದೀಪದಿಂದ ಇನ್ನೊಂದು ಹತ್ತಿಕೊಂಡ ಬಗೆ ಇದು.

ರಮಾಬಾಯಿಯವರ ಮುಂದಾಲೋಚನೆಯ ಇನ್ನೊಂದು ಗುರುತು ಕೇಡಗಾಂವ್. ಹತ್ತು ವರ್ಷದ ನೆರವು ಹತ್ತನೆಯ ವರ್ಷಕ್ಕೆ ಮುಗಿಯುತ್ತದೆಂಬುದನ್ನು ಅವರು ಮರೆಯಲಿಲ್ಲ. ಅದಕ್ಕೆ ಮೊದಲೇ ಪುಣೆಯ ಹೊರಗೆ ಕೇಡಗಾಂವ್‌ನಲ್ಲಿ ಜಮೀನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ಸ್ವಾವಲಂಬನೆಯನ್ನು ಕಲಿಸುವ ಸಂಸ್ಥೆ ತಾನೇ ಪರಾವಲಂಬಿಯಾಗಿರಬಾರದಷ್ಟೆ! 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದಾಗ ಅವರಿಗೆ ನೆರಳು ಕೊಟ್ಟದ್ದು ಈ ತೋಟವೇ. ಗುಜರಾತಿನ ಕ್ಷಾಮದ ಬಳಿಕ, 1900ರ ಸುಮಾರಿಗೆ, ‘ಮುಕ್ತಿ’ ಎಂಬ ಆ ನೆಲೆಯಲ್ಲಿ ಹತ್ತಿರಹತ್ತಿರ ಎರಡು ಸಾವಿರ ಜನರಿದ್ದರು. ಬೇಸಾಯ, ಹೈನು, ನೇಯ್ಗೆ, ಎಣ್ಣೆಯ ಗಾಣ, ಹೊಲಿಗೆ, ಅಚ್ಚುಕೂಟ, ಶಿಶುಪಾಠ ಹೇಳುವ ತರಬೇತಿ ಎಲ್ಲವೂ ಅಲ್ಲಿ ನಡೆದವು. ಅವರವರ ಕೈಗೆ ಒಗ್ಗುವ ಕೆಲಸ ಅವರವರಿಗೆ. ತಾಯಂದಿರು ಗೇಯುವಾಗ ಮಕ್ಕಳಿಗೆ ಪಾಠಶಾಲೆ. ಅಮೆರಿಕದಲ್ಲಿ ಫ್ರೋಬೆಲ್‌ನ ಶಿಶುಶಿಕ್ಷಣ ಪದ್ಧತಿಯನ್ನು ರಮಾಬಾಯಿಯವರು ಶ್ರಮವಹಿಸಿ ಕಲಿತು ಬಂದದ್ದು ಸುಮ್ಮನೆ ಅಲ್ಲ.

ಈ ಚರಿತ್ರೆಯಲ್ಲಿ ಒಂದು ಮುಳ್ಳೂ ಇದೆ, ಅದನ್ನು ಮುಚ್ಚಿಡಬಾರದು. ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ್ದರು. ಶಾರದಾ ಸದನದಲ್ಲಿ ಹುಡುಗಿಯರನ್ನು ಆ ಮತದ ಕಡೆಗೆ ಒಲಿಸಲಾಗುತ್ತಿದೆ ಎಂಬ ಗುಲ್ಲು ಎದ್ದು, 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾಸಮಿತಿಯಿಂದ ಹೊರಬಂದರು. ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ತಾವು ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದುದು ನಿಜ, ಯಾರನ್ನೂ ಒತ್ತಾಯಿಸಿಲ್ಲ ಎಂಬುದು ರಮಾಬಾಯಿಯವರ ನಿಲುವು. ಯಾರ ಪಕ್ಷ ಸರಿ ಎಂಬ ವಾದ ಇಂದಿಗೂ ಮುಗಿದಿಲ್ಲ. ನಮ್ಮ ವಿಷಯಕ್ಕೆ ಬೇಕಾದ ಪಾಠವಿಷ್ಟೆ: ನಿರಾಶ್ರಿತಳು ‘ಒಲ್ಲೆ’ ಎನ್ನುವ ಶಕ್ತಿಯನ್ನು ಕಳೆದುಕೊಂಡು ಬಂದಿರುತ್ತಾಳೆ. ಆದುದರಿಂದ ಅವಳಿಗೆ ನೆರವಾಗುವವರು, ಯಾವ ಮತದವರೇ ಆಗಲಿ ಯಾವ ಪಕ್ಷದವರೇ ಆಗಲಿ, ಅದಕ್ಕೆ ಬೆಲೆ ಕೇಳುತ್ತಿಲ್ಲವೆಂದು ಇತರರಿಗಿಂತ ಹೆಚ್ಚಾಗಿ ಎಚ್ಚರ ವಹಿಸಬೇಕಾಗುತ್ತದೆ.

ಇನ್ನು ಇಂದಿನ ಮಾತು. ರಮಾಬಾಯಿಯವರ ಕಾಲಕ್ಕಿಲ್ಲದ ಅನುಕೂಲಗಳು ಈಗಿವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಹೆಂಡತಿಗೆ ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಕೊಟ್ಟಿತು. ಲೇಖಕಿ ಗೀತಾ ಹರಿಹರನ್ ಅವರು ಹೂಡಿದ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು, ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದೆ ಇದ್ದಲ್ಲಿ ತಾಯಿಯೇ ಸಹಜ ಪೋಷಕಿಯಾಗಬಲ್ಲಳೆಂದಿತು. 2015ರಲ್ಲಿ ಅದೇ ನ್ಯಾಯಾಲಯ, ಮದುವೆಯಾಗದ ತಾಯಿ ತಂದೆಯ ಹೆಸರನ್ನು ಹೇಳಲೇಬೇಕಾಗಿಲ್ಲವೆಂದೂ ಆಕೆಯ ಪ್ರಮಾಣಪತ್ರದ ಮೇಲೆ ಮಗುವಿಗೆ ಜನನಪತ್ರ ಕೊಡಬೇಕೆಂದೂ ತೀರ್ಪಿತ್ತಿತು. ಕಾನೂನು ಇಷ್ಟು ದೂರ ನಡೆದು ಬಂದಿದೆ. ಆದರೂ ಬೆಂಚಿನ ಮೇಲಿನ ಹೆಂಗಸು ಅಲ್ಲೇ ಇರುವುದೇಕೆ?

ಏಕೆಂದರೆ ಆಕೆಯ ಕಷ್ಟಗಳು ಒಂದಕ್ಕೊಂದು ಸರಪಳಿಯಂತೆ ಹೆಣೆದುಕೊಂಡಿವೆ. ಮನೆಯಿಲ್ಲದೆ ವಿಳಾಸವಿಲ್ಲ. ವಿಳಾಸವಿಲ್ಲದೆ ಪಡಿತರ ಚೀಟಿ ಕಷ್ಟ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿರುವವಳಿಗೆ ಸಲ್ಲುವಂಥದು. ಗೃಹವೇ ಇಲ್ಲದ ಲಕ್ಷ್ಮಿಗೆ ಅದು ದೂರವೇ. ಕೂಲಿಗೆ ಹೋಗೋಣವೆಂದರೆ ಮಗುವನ್ನು ಯಾರ ಬಳಿ ಬಿಡುವುದು? ಬಿಡುವ ಜಾಗಕ್ಕೆ ಹಣ ಕೊಟ್ಟರೆ ಕೂಲಿಯಲ್ಲಿ ಉಳಿಯುವುದೇನು? ಹೀಗೆ ಒಂದು ಕೊಂಡಿಯನ್ನು ಬಿಚ್ಚಿದರೆ ಸಾಲದು. ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಕು.

ಆದುದರಿಂದ ಬಲ್ಲವರು ಅನುಸರಿಸುವ ಕ್ರಮ ಹೀಗೆ. ಮೊದಲು ಪ್ರಶ್ನೆ ಕೇಳದೆ ಸೂರು ಮತ್ತು ನಿದ್ದೆ. ಹೆದರಿದ ಜೀವಕ್ಕೆ ಮೊದಲ ಕೆಲವು ವಾರ ಬೇರೇನೂ ತೋಚುವುದಿಲ್ಲ. ಎರಡನೆಯದು ಕಾಗದಪತ್ರ: ಗುರುತಿನ ಚೀಟಿ, ಮಗುವಿನ ಜನನಪತ್ರ, ಬ್ಯಾಂಕಿನಲ್ಲಿ ಆಕೆಯ ಹೆಸರಿನಲ್ಲೇ ಒಂದು ಖಾತೆ. ಮೂರನೆಯದು ಮಗುವಿಗೆ ಶಿಶುವಿಹಾರ ಅಥವಾ ಶಾಲೆ; ತಾಯಿಯ ದುಡಿಮೆ ಶುರುವಾಗುವುದು ಇಲ್ಲಿಂದಲೇ. ನಾಲ್ಕನೆಯದು ಕಸುಬು. ಎಲ್ಲರ ಕೈಗೂ ಹೊಲಿಗೆಯ ಯಂತ್ರವನ್ನೇ ಕೊಟ್ಟು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮದು. ಸಿದ್ಧ ಉಡುಪಿನ ಅಂಗಡಿ ಬೀದಿಗೆ ಹತ್ತಿರುವಾಗ ಹೊಲಿಸುವವರೆಷ್ಟು ಎಂದು ಯಾರೂ ಎಣಿಸುವುದಿಲ್ಲ. ಊರಿಗೆ ಯಾವ ಕೆಲಸ ಬೇಕಾಗಿದೆ, ಆಕೆಗೆ ಯಾವುದು ಬರುತ್ತದೆ ಎಂಬೆರಡನ್ನೂ ನೋಡಿ ಕಲಿಸಬೇಕು. ಕೊನೆಯದು, ಸಂಬಳ ಬಂದ ಮೊದಲ ತಿಂಗಳೇ ಆಶ್ರಯದಿಂದ ಹೊರಗೆ ಕಳುಹಿಸದೆ, ಮನೆಯ ಮುಂಗಡದಷ್ಟು ಕೂಡುವವರೆಗಾದರೂ ಇರಗೊಡುವುದು.

ಇವೆಲ್ಲದರ ನಡುವೆ ಮರೆಯಬಾರದ ಒಂದು ಸೂತ್ರವಿದೆ: ತಾಯಿ ಮಗುವನ್ನು ಬೇರೆ ಮಾಡಬಾರದು. ಎಷ್ಟೋ ಆಶ್ರಯಧಾಮಗಳಲ್ಲಿ ಗಂಡುಮಗು ಒಂದು ವಯಸ್ಸು ದಾಟಿದರೆ ಬೇರೆ ಕಡೆಗೆ ಕಳುಹಿಸುವ ನಿಯಮವುಂಟು. ನಿಯಮಕ್ಕೆ ಅದರದೇ ಕಾರಣಗಳಿರಬಹುದು. ಆದರೆ ಮಗನನ್ನು ಬಿಟ್ಟುಕೊಡುವುದಕ್ಕಿಂತ ಬಸ್ ನಿಲ್ದಾಣವೇ ಮೇಲೆಂದು ಹಿಂದಿರುಗುವ ತಾಯಿಯನ್ನು ಯಾರು ದೂರಬಲ್ಲರು? ಆಕೆಯ ದುಡಿಮೆಗೆ ಅಡ್ಡಿಯೆಂದು ನಾವು ತಿಳಿಯುವ ಆ ಮಗುವೇ ಆಕೆ ದುಡಿಯಲು ಇರುವ ಕಾರಣ.

ಈ ದಾರಿಯ ಕಟ್ಟಕಡೆಯ ಮೆಟ್ಟಿಲು ಮಾತ್ರ ಸರ್ಕಾರದ ಕೈಯಲ್ಲೂ ಇಲ್ಲ, ಸಂಸ್ಥೆಗಳ ಕೈಯಲ್ಲೂ ಇಲ್ಲ. ಕಸುಬು ಕಲಿತು, ನಾಲ್ಕು ಕಾಸು ಕೂಡಿಟ್ಟು, ಮಗುವಿನ ಕೈಹಿಡಿದು ಆಕೆ ಒಂದು ದಿನ ನಮ್ಮ ಬೀದಿಗೆ ಬರುತ್ತಾಳೆ. ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ನೋಡಿ ಬಾಗಿಲು ತಟ್ಟುತ್ತಾಳೆ. ಒಳಗಿನಿಂದ ಬರುವ ಮೊದಲ ಪ್ರಶ್ನೆ ನಮಗೆಲ್ಲ ಗೊತ್ತು: “ಯಜಮಾನರು ಎಲ್ಲಿದ್ದಾರೆ?” ಅವಳ ವರ್ಷಗಳ ಶ್ರಮ ಆ ಒಂದು ಮಾತಿನಲ್ಲಿ ಮಣ್ಣುಪಾಲಾಗಬಹುದು. ಆ ಹಲಗೆ ತೂಗುವುದು ನನ್ನ, ನಿಮ್ಮ ಮನೆಗಳ ಮುಂದೆ. ಬಾಡಿಗೆ ಎಷ್ಟೆಂದು ಹೇಳಿ, ಬೀಗದಕೈ ಕೊಟ್ಟು, ಆ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಸಾಕು. ಅಂದಿನಿಂದ ಅವಳಿಗೂ ಒಂದು ವಿಳಾಸವಿರುತ್ತದೆ.