ಮಗನ ಜಿಮ್, ಮನೆಯ ಹಾಲು

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮಗ ಅದೇ ಬೈಕಿನಲ್ಲಿ ತಾಲ್ಲೂಕು ಕೇಂದ್ರದ ಜಿಮ್‌ಗೆ ಹೋಗುತ್ತಾನೆ. ಬಟವಾಡೆ ದಿನ ಹತ್ತಿರ ಬಂದ ಹಾಗೆ ನಿಮ್ಮ ಹಿಂದೆ ಮುಂದೆ ಸುತ್ತುತ್ತಾನೆ. "ಅಮ್ಮಾ, ಪ್ರೋಟೀನ್ ಡಬ್ಬ ತಗೋಬೇಕು, ಎರಡೂವರೆ ಸಾವಿರ ಕೊಡಮ್ಮ." ಮಹಿಳಾ ಸಂಘಗಳ ಸಭೆಗಳಲ್ಲಿ ಮೇವು, ಕೆಚ್ಚಲು ಬಾವು, ಫ್ಯಾಟ್ ಕಡಿಮೆ ಬಂದದ್ದು, ಇವೆಲ್ಲ ಮುಗಿದ ಮೇಲೆ ಈಚೆಗೆ ಈ ಮಾತೂ ಬರುತ್ತಿದೆ. ಕೊಡಬೇಕೇ, ಬೇಡವೇ? ಕೊಟ್ಟರೆ ಮೈಗೆ ಹತ್ತುತ್ತದೆಯೇ? ಕೊಡದಿದ್ದರೆ ಅವನು ಬೇರೆ ಏನಾದರೂ ತೆಗೆದುಕೊಂಡಾನೇ?

ಮೊದಲಿಗೆ, ಅವನು ಕಸರತ್ತು ಮಾಡುತ್ತಿರುವುದಕ್ಕೆ ಬೇಸರಪಡಬೇಡಿ. ನಮ್ಮ ಸೀಮೆಗೆ ಇದು ಹೊಸದೇನಲ್ಲ. ಗರಡಿ ಮನೆಯಲ್ಲಿ ದಂಡ, ಬಸ್ಕಿ ಹೊಡೆದು ಹಾಲು ಕುಡಿದು ಮಟ್ಟಿಗೆ ಇಳಿಯುತ್ತಿದ್ದ ಪೈಲ್ವಾನರು ನಿಮ್ಮ ಅಜ್ಜಂದಿರ ಕಾಲದಲ್ಲಿ ಊರೂರಿಗೂ ಇದ್ದರು. ಈಗ ಮಟ್ಟಿಯ ಬದಲು ಕಬ್ಬಿಣ ಬಂದಿದೆ, ಕನ್ನಡಿ ಬಂದಿದೆ, ಅಷ್ಟೆ.

ಅವನಿಗೆ ಬೇಕಾಗಿರುವುದು ಎರಡು. ಮೈಕೈ ತುಂಬಿಕೊಳ್ಳಬೇಕು, ಹೊಟ್ಟೆ ಮಾತ್ರ ಬರಬಾರದು. ಹೊಸದಾಗಿ ಭಾರ ಎತ್ತಲು ಶುರುಮಾಡಿದ ಹುಡುಗನಿಗೆ ಇವೆರಡೂ ಒಟ್ಟಿಗೆ ಸಾಧ್ಯ. ವರ್ಷಗಟ್ಟಲೆ ಎತ್ತಿದವರಿಗಿಂತ ಹೊಸಬರ ಮೈ ಬೇಗ ಸ್ಪಂದಿಸುತ್ತದೆ.

ಇದನ್ನು ಕಡಸು ಬೆಳೆಸಿದ ನಿಮಗೆ ವಿವರಿಸುವುದು ಸುಲಭ. ಬೆಳೆಯುವ ಕಡಸಿಗೆ ಬರೀ ಕಲಗಚ್ಚು, ಅನ್ನ, ಹಿಟ್ಟು ಸುರಿದರೆ ಏನಾಗುತ್ತದೆ? ಮೈ ಮಿರಮಿರ ಮಿಂಚುತ್ತದೆ, ನೋಡಿದವರು ಹೊಗಳುತ್ತಾರೆ. ಆದರೆ ಕೆಚ್ಚಲಿನಲ್ಲಿ ಹಾಲಿನ ಗ್ರಂಥಿ ಬೆಳೆಯಬೇಕಾದ ಜಾಗದಲ್ಲಿ ಕೊಬ್ಬು ಕೂರುತ್ತದೆ. ಅದೇ ಕಡಸಿಗೆ ಹಿಂಡಿ, ಹಸಿರು ಮೇವು, ಖನಿಜ ಮಿಶ್ರಣ ಹದವಾಗಿ ಕೊಟ್ಟರೆ ಬೆಳವಣಿಗೆಯ ರೀತಿಯೇ ಬೇರೆ. ಹುಡುಗನ ಮೈಯೂ ಹೀಗೆಯೇ. ತಿಂದದ್ದು ಸ್ನಾಯುವಾಗಬೇಕಾದರೆ ಸಾಕಷ್ಟು ಪ್ರೋಟೀನ್ ಬೇಕು, ಸ್ನಾಯುವಿಗೆ ಕೆಲಸ ಬೇಕು, ನಿದ್ದೆ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ತಿಂದದ್ದು ಸೊಂಟದ ಸುತ್ತ ಸೇರುತ್ತದೆ.

ಎಸ್‌ಎನ್‌ಎಫ್ ಒಳಗಿನ ಲೆಕ್ಕ

ಡೇರಿಯಲ್ಲಿ ದಿನವೂ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಚೀಟಿ ನೋಡುತ್ತೀರಲ್ಲ, ನಿಮ್ಮ ಮಗ ಕೇಳುತ್ತಿರುವ ಪ್ರೋಟೀನ್ ಆ ಎಸ್‌ಎನ್‌ಎಫ್ ಒಳಗೇ ಇದೆ. ಹಸುವಿನ ಹಾಲಿಗೆ 8.5 ಎಸ್‌ಎನ್‌ಎಫ್ ಬಂತೆಂದರೆ ಅದರಲ್ಲಿ ಸುಮಾರು 3.2 ಭಾಗ ಪ್ರೋಟೀನ್, 4.6 ಭಾಗ ಹಾಲಿನ ಸಕ್ಕರೆ, ಉಳಿದದ್ದು ಸುಣ್ಣ ಮೊದಲಾದ ಖನಿಜಗಳು. ಅಂದರೆ ಒಂದು ಲೀಟರ್ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನ್. ಎಮ್ಮೆ ಹಾಲಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಡಬ್ಬದಲ್ಲಿ ಬರುವ 'ವೇ ಪ್ರೋಟೀನ್' ಪುಡಿಯೂ ಹಾಲಿನದೇ. ಹಾಲಿನ ಪ್ರೋಟೀನ್‌ನಲ್ಲಿ 100ಕ್ಕೆ 80 ಪಾಲು ಕೇಸೀನ್. ಚೀಸ್ ಮಾಡುವಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ. ಉಳಿದ 20 ಪಾಲು ತಿಳಿ ಹಸಿರು ನೀರಿನ ಜೊತೆ ಹೋಗುತ್ತದೆ. ಚೀಸ್ ಕಾರ್ಖಾನೆಗಳಲ್ಲಿ ಆ ನೀರನ್ನು ಸೂಕ್ಷ್ಮವಾಗಿ ಸೋಸಿ, ಒಣಗಿಸಿ ಪುಡಿ ಮಾಡುತ್ತಾರೆ. ಹಾಗೆಂದು ಮನೆಯಲ್ಲಿ ಪನೀರ್ ಮಾಡಿ ಉಳಿದ ನೀರನ್ನು ಮಗನಿಗೆ ಕುಡಿಸಿದರೆ ಅದೇ ಫಲ ಸಿಗುವುದಿಲ್ಲ. ಹಾಲನ್ನು ಚೆನ್ನಾಗಿ ಕುದಿಸಿ ಒಡೆಸಿದಾಗ ಆ ಪ್ರೋಟೀನ್‌ನ ಬಹುಪಾಲು ಪನೀರಿಗೇ ಅಂಟಿರುತ್ತದೆ. ಅವನಿಗೆ ಪನೀರನ್ನೇ ಕೊಡಿ. ನೀರನ್ನು ಚಪಾತಿ ಹಿಟ್ಟು ಕಲಸಲು ಬಳಸಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಒಂದು ಕಿಲೋ ಒಳ್ಳೆಯ ಪುಡಿಯಲ್ಲಿ ಹೆಚ್ಚೆಂದರೆ 800 ಗ್ರಾಂ ಪ್ರೋಟೀನ್ ಇರುತ್ತದೆ. ಅಷ್ಟೇ ಪ್ರೋಟೀನ್ ನಿಮ್ಮ 25 ಲೀಟರ್ ಹಸುವಿನ ಹಾಲಿನಲ್ಲಿದೆ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 875 ರೂಪಾಯಿ. ನಿಮ್ಮ ಸಂಘದ ದರ ಬೇರೆ ಇದ್ದರೆ ಅದರಿಂದ ಗುಣಿಸಿ ನೋಡಿ. ಎರಡೂವರೆ ಸಾವಿರದ ಡಬ್ಬ ತರಲು ನೀವು 70 ಲೀಟರಿಗೂ ಹೆಚ್ಚು ಹಾಲು ಡೇರಿಗೆ ಹಾಕಬೇಕು. ಹೆಚ್ಚು ಪ್ರೋಟೀನನ್ನು ಮಾರಿ ಕಡಿಮೆ ಪ್ರೋಟೀನನ್ನು ಕೊಂಡ ಹಾಗಾಯಿತು. ಮಗನಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. ಬೈಗುಳಕ್ಕಿಂತ ಲೆಕ್ಕ ಬೇಗ ನಾಟುತ್ತದೆ.

ಪುಡಿ ವಿಷವೇನೂ ಅಲ್ಲ. ಹಾಲು, ಮೊಟ್ಟೆ ಸಿಗದ ಊರಿನಲ್ಲಿ ಹಾಸ್ಟೆಲಿನಲ್ಲಿರುವ ಹುಡುಗನಿಗೆ ಅನುಕೂಲವಾಗಬಹುದು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ ಎಂದೇ ಹೇಳಿದೆ. ಕೊಟ್ಟಿಗೆ ತುಂಬ ಹಸು ಇರುವ ಮನೆಗಂತೂ ಅದರ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಹಟ ಹಿಡಿದು ತಂದೇ ತರುತ್ತಾನೆ ಎಂದಾದರೆ, ಸೀಲ್ ಒಡೆಯದ ಡಬ್ಬ, ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಅಂಗಡಿಯ ಬಿಲ್, ಇವು ಮೂರೂ ಇರಲಿ. ಜಿಮ್‌ನಲ್ಲಿ ಯಾರೋ ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ಕೊಡುವ ಪುಡಿ ಬೇಡವೇ ಬೇಡ.

ತಟ್ಟೆಯಲ್ಲಿ ಏನಿರಬೇಕು

ಭಾರ ಎತ್ತುವವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 55 ಕಿಲೋ ಹುಡುಗನಿಗೆ 88 ಗ್ರಾಂ ಆಯಿತು. ಇದು ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ. ಒಂದು ದೊಡ್ಡ ಲೋಟ ಗಟ್ಟಿ ಮೊಸರಿನಿಂದ 9. ಮೂರು ಮೊಟ್ಟೆಯಿಂದ 18. ಎರಡು ಹೊತ್ತು ಸೇರಿ 200 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 14, 150 ಗ್ರಾಂ ಅಕ್ಕಿಯ ಅನ್ನದಲ್ಲಿ 11. ಮುಕ್ಕಾಲು ಹಿಡಿಯಷ್ಟು ಕಾಳು ಹಾಕಿ ಮಾಡಿದ ತಿಳಿ ಸಾರಿನಿಂದ ಹೆಚ್ಚೇನೂ ಬರದು; ಅವನ ಪಾಲಿಗೇ 75 ಗ್ರಾಂ ಹುರುಳಿಕಾಳೋ ಹೆಸರುಕಾಳೋ ಬರುವಂತೆ ಗಟ್ಟಿಯಾಗಿ ಬಡಿಸಿದರೆ 17. ಒಂದು ಹಿಡಿ ಕಡಲೆಬೀಜದಿಂದ 7. ಕೂಡಿದರೆ 92 ಗ್ರಾಂ. ಮೊಟ್ಟೆ ತಿನ್ನದ ಮನೆಯಾದರೆ 35 ಗ್ರಾಂ ಸೋಯಾ ಚಂಕ್ಸ್ ಮೂರು ಮೊಟ್ಟೆಯ ಜಾಗ ತುಂಬುತ್ತದೆ. ಕೋಳಿ, ಮೀನು ಮಾಡಿದ ದಿನ ಲೆಕ್ಕ ಇನ್ನೂ ಹಗುರ. ಎಲ್ಲವನ್ನೂ ರಾತ್ರಿಗೇ ಇಡದೆ ಮೂರು ನಾಲ್ಕು ಹೊತ್ತಿಗೆ ಹಂಚಿ.

ಮಗ ಬಡಕಲಾಗಿದ್ದರೆ ಕೆನೆ ಸಹಿತ ಹಾಲು ಕೊಡಿ, ಊಟ ಸ್ವಲ್ಪ ಹೆಚ್ಚಿಸಿ. ಆಗಲೇ ಹೊಟ್ಟೆ ಬಂದಿದ್ದರೆ ಒಂದು ಉಪಾಯವಿದೆ, ಅದು ನಿಮ್ಮ ಕೈಯಲ್ಲೇ ಇದೆ. ಮೊಸರು ಕಡೆದಾಗ ಬೆಣ್ಣೆಯ ಜೊತೆ ಹೋಗುವುದು ಜಿಡ್ಡು. ಪ್ರೋಟೀನ್ ಮಜ್ಜಿಗೆಯಲ್ಲೇ ಉಳಿಯುತ್ತದೆ. ನೀರು ಬೆರೆಸುವ ಮೊದಲೇ ಆ ಗಟ್ಟಿ ಮಜ್ಜಿಗೆಯನ್ನು ಅವನಿಗೆ ಒಂದು ದೊಡ್ಡ ಲೋಟ ತೆಗೆದಿಡಿ. ತುಪ್ಪ ತಿಂದರೆ ತೋಳು ಬರುತ್ತದೆ ಎಂಬ ಮಾತಿದೆ. ತುಪ್ಪದಲ್ಲಿ ಪ್ರೋಟೀನ್ ಇಲ್ಲ. ಮುದ್ದೆಗೆ ಒಂದು ಚಮಚ ಇರಲಿ, ಸೌಟು ಬೇಡ.

ಇನ್ನು ಕೆಲವು ಹುಡುಗರು ಹೊಟ್ಟೆ ಕರಗಿಸಬೇಕೆಂದು ಅನ್ನ, ಮುದ್ದೆ ಎರಡನ್ನೂ ಬಿಟ್ಟುಬಿಡುತ್ತಾರೆ. ಭಾರ ಎತ್ತಲು ಬೇಕಾದ ಕಸುವು ಬರುವುದೇ ಅವುಗಳಿಂದ. ಹದಿನೇಳು, ಹದಿನೆಂಟರ ಮೈ ಇನ್ನೂ ಬೆಳೆಯುತ್ತಿರುತ್ತದೆ. ಉಪವಾಸ ಅದಕ್ಕೆ ಸಲ್ಲದು. ಬಿಡಬೇಕಾದದ್ದು ಬೇಕರಿಯ ಪಫ್ಸು, ಬಾಟಲಿ ಜ್ಯೂಸು, ರಾತ್ರಿ ಹತ್ತರ ಗೋಬಿ ಮಂಚೂರಿ.

ವಾರಕ್ಕೊಮ್ಮೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೂಕ ನೋಡಲಿ, ಟೈಲರ್ ಟೇಪಿನಿಂದ ಹೊಕ್ಕುಳ ಸುತ್ತ ಅಳತೆ ತೆಗೆಯಲಿ. ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಏರಿ, ಸೊಂಟದ ಅಳತೆ ಅಲ್ಲೇ ನಿಂತಿದ್ದರೆ ಸರಿಯಾದ ದಾರಿ. ತಿಂಗಳಲ್ಲಿ ಮೂರು ಕಿಲೋ ಏರಿದರೆ ಅದರಲ್ಲಿ ಬಹುಪಾಲು ಸ್ನಾಯುವಲ್ಲ.

ಜಿಮ್‌ನಲ್ಲಿ ಅವನು ಏನು ಮಾಡಬೇಕೆಂಬುದೂ ನಿಮಗೆ ತಿಳಿದಿರಲಿ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಸಾಕು. ಸ್ನಾಯು ಬೆಳೆಯುವುದು ಎತ್ತುವಾಗ ಅಲ್ಲ, ಎತ್ತಿದ ನಂತರದ ಒಂದೆರಡು ದಿನದ ವಿಶ್ರಾಂತಿಯಲ್ಲಿ. ಕನ್ನಡಿಯ ಮುಂದೆ ತೋಳನ್ನೇ ತಿರುಗಿಸುತ್ತ ನಿಲ್ಲದೆ ಕಾಲು, ಬೆನ್ನು, ಎದೆ, ಭುಜ ಎಲ್ಲಕ್ಕೂ ಕೆಲಸ ಕೊಡಬೇಕು. ಎಂಟರಿಂದ ಹನ್ನೆರಡು ಸಲ ಸರಿಯಾದ ಭಂಗಿಯಲ್ಲಿ ಎತ್ತಲಾಗುವಷ್ಟು ಭಾರ. ಹನ್ನೆರಡು ಸಲೀಸಾದ ಮೇಲೆ ಸ್ವಲ್ಪವೇ ಹೆಚ್ಚಿಸುವುದು. ಮೊದಲ ವಾರಗಳಲ್ಲಿ ಶಕ್ತಿ ಹೆಚ್ಚುತ್ತದೆ, ಆದರೆ ಮೈ ಹಾಗೇ ಕಾಣುತ್ತದೆ. ಆಗ ನರಗಳು ಭಾರ ಎತ್ತುವುದನ್ನು ಕಲಿಯುತ್ತಿರುತ್ತವೆ. ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಬೇಕು. ಹುಡುಗರ ತಾಳ್ಮೆ ಕೆಡುವುದು ಈ ನಡುವೆಯೇ.

ಸೂಜಿಯ ಮಾತು ಬಂದರೆ

ತಾಳ್ಮೆ ಕೆಟ್ಟವನ ಕಿವಿಯಲ್ಲಿ ಯಾರಾದರೂ "ಒಂದು ಕೋರ್ಸ್ ಇಂಜೆಕ್ಷನ್ ಹಾಕ್ಕೋ, ಎಲ್ಲಾ ಸರಿಹೋಗುತ್ತೆ" ಎನ್ನಬಹುದು. ಅದು ಸ್ಟೀರಾಯ್ಡ್. ಟೆಸ್ಟೋಸ್ಟೆರಾನ್, ನ್ಯಾಂಡ್ರೊಲೋನ್ ಎಂಬ ಹೆಸರಿನವು ಇಂಜೆಕ್ಷನ್ ಆಗಿ, ಸ್ಟಾನೊಜೊಲೋಲ್ ಮಾತ್ರೆಯಾಗಿಯೂ ಸಿಗುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿಗಳಿವು. ಹಾಲು ಇಳಿಸಲು ಹಸುವಿಗೆ ಆಕ್ಸಿಟೋಸಿನ್ ಚುಚ್ಚಬೇಡಿ ಎಂದು ನಾವು ಬೇಡಿಕೊಳ್ಳುವುದು ಯಾಕೆಂದು ನಿಮಗೆ ಗೊತ್ತು. ಇದು ಅದಕ್ಕಿಂತ ಕೆಟ್ಟದ್ದು. ಮೈ ತಾನೇ ಮಾಡಿಕೊಳ್ಳುವ ಹಾರ್ಮೋನ್ ನಿಂತು ವೃಷಣ ಕುಗ್ಗುತ್ತದೆ, ಮುಂದೆ ಮಕ್ಕಳಾಗಲು ತೊಂದರೆಯಾಗಬಹುದು. ಹುಡುಗನಿಗೆ ಎದೆ ಬೆಳೆಯಬಹುದು. ಯಕೃತ್ತು, ಹೃದಯ ಎರಡಕ್ಕೂ ಪೆಟ್ಟು. ಎತ್ತರ ಬೆಳೆಯುವ ವಯಸ್ಸಿನಲ್ಲಿ ತೆಗೆದುಕೊಂಡರೆ ಮೂಳೆಯ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. ಕೆಲವೇ ವಾರಗಳಲ್ಲಿ ಮೈ ಊದಿದಂತೆ ತುಂಬುವುದು, ಬೆನ್ನು ಭುಜದ ತುಂಬ ಮೊಡವೆ, ಸಣ್ಣ ಮಾತಿಗೂ ಸಿಡಿಮಿಡಿ ಕಂಡರೆ ಕೂತು ಕೇಳಿ. ಗದರಿಸಿದರೆ ಮುಚ್ಚಿಡುತ್ತಾನೆ. ತೆಗೆದುಕೊಂಡಿದ್ದಾನೆಂದು ತಿಳಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು ಎಚ್ಚರಿಕೆ ಮೊದಲ ವಾರಕ್ಕೆ ಸೇರಿದ್ದು. ಉತ್ಸಾಹದಲ್ಲಿ ಮಿತಿಮೀರಿ ಎತ್ತಿದ ಮೇಲೆ ಮೈಕೈ ವಿಪರೀತ ನೋವು ಬಂದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗಿದೆ ಎಂದರ್ಥ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಿಡ್ನಿ ತೊಂದರೆ ಮೊದಲೇ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮಗಳು ಕೇಳಿದರೆ?

ಕಳಿಸಿ. ಭಾರ ಎತ್ತಿದರೆ ಹೆಣ್ಣುಮಕ್ಕಳ ಮೈ ಗಂಡಸರ ಹಾಗಾಗುತ್ತದೆ ಎಂಬ ಭಯ ಬೇಡ. ಅಷ್ಟು ಸ್ನಾಯು ಕಟ್ಟುವ ಹಾರ್ಮೋನ್ ಹೆಣ್ಣಿನ ಮೈಯಲ್ಲಿ ಬಹಳ ಕಡಿಮೆ. ಮಣಿಪುರದ ಮೀರಾಬಾಯಿ ಚಾನು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ 115 ಕಿಲೋ ಭಾರವನ್ನು ತಲೆಯ ಮೇಲೆತ್ತಿ ಬೆಳ್ಳಿ ಗೆದ್ದರು. ಚಿಕ್ಕಂದಿನಲ್ಲಿ ಕಾಡಿನಿಂದ ಸೌದೆ ಹೊರೆ ಹೊತ್ತು ತರುತ್ತಿದ್ದವರು ಅವರು. ನಮ್ಮ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದದ್ದು 56 ಕಿಲೋ ವಿಭಾಗದಲ್ಲಿ. ಬಲ ಬರಲು ಮೈ ದಪ್ಪವಾಗಲೇಬೇಕೆಂದಿಲ್ಲ.

ಆದರೆ ಮಗಳ ತಟ್ಟೆಯ ಲೆಕ್ಕ ನೋಡುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಎರಡು ಸಲ ಎತ್ತುವಷ್ಟರಲ್ಲಿ ಏದುಸಿರು ಬರುತ್ತದೆ, ಹುಡುಗಿ ತನ್ನ ಕೈಲಾಗದು ಎಂದುಕೊಂಡು ಬಿಟ್ಟುಬಿಡುತ್ತಾಳೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ, ಕಬ್ಬಿಣಾಂಶದ ಮಾತ್ರೆಯನ್ನೂ ಕೊಡುತ್ತಾರೆ. ಮಾತ್ರೆಯನ್ನು ಹಾಲು, ಟೀ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ; ನಿಂಬೆಹಣ್ಣಿನ ಪಾನಕದ ಜೊತೆ ನುಂಗಲಿ, ಹಾಲು ಒಂದೆರಡು ಗಂಟೆ ಬಿಟ್ಟು ಕುಡಿಯಲಿ. ಅವಳ ಜೊತೆ ಹೋದ ದಿನ ನಿಮ್ಮ ಬೆರಳನ್ನೂ ಪರೀಕ್ಷೆಗೆ ಕೊಟ್ಟು ಬನ್ನಿ.